ಹೊಟ್ಟೆಯಡಿಯ ತೂತು

ಹಗಲು ನಾನು ಪರರ ಹಲ್ಲು ಕಟ್ಟುವವಳು.
ಶುಂಪರ್ಕ್ ಪೇಟೆಯಲ್ಲಿ, ಔಷಧದಂಗಡಿಯ ಮೇಲಿನ ಕೋಣೆ;
ಮೇಣ, ಗಚ್ಚು, ಪಿಂಗಾಣಿ ಪುಡಿ,
ನಾನೆಂದೂ ಕಾಣದ ಬಾಯಿಗಳ ಅಚ್ಚು.
ರಾತ್ರಿ ಅದೇ ಮೇಜು, ಅದೇ ದೀಪ, ಅದೇ ಚಿಮಟ.
ಹಲ್ಲುಗಳನ್ನು ಆಚೆ ಸರಿಸಿದರೆ
ಪುಟ್ಟದೊಂದು ಜೆಟ್ಟು:
ರೆಕ್ಕೆಯ ತುದಿಯಿಂದ ತುದಿಗೆ
ಗೇಣಿನ ಮೇಲೆ ನಾಲ್ಕು ಬೆರಳು.

ಫೋಮಿನ ಹಾಳೆ ಬಿಸಿ ಚಾಕುವಿಗೆ ಬೆಣ್ಣೆ.
ನಡುವೆ ಕೊಳವೆ, ಕೊಳವೆಯೊಳಗೆ ನಾಣ್ಯದಗಲದ ಫ್ಯಾನು.
ಕೂಡಿಸಿದ ದಿನವೇ ಕರಕರ ಹಲ್ಲು ಕಡಿಯಿತು.
ಆರು ಅಲಗುಗಳಲ್ಲಿ ಒಂದು ಹಗುರ.
ಅದರ ಬೆನ್ನಿಗೆ ಉಗುರುಬಣ್ಣದ ಒಂದು ಚುಕ್ಕಿ,
ಒಣಗಲು ಬಿಟ್ಟು, ತಿರುಗಿಸಿ ನೋಡಿ,
ಮತ್ತೆ ಅರ್ಧ ಚುಕ್ಕಿ.
ಈಗ ಸೊಳ್ಳೆಯ ಸಣ್ಣ ಸಿಟ್ಟು ಮಾತ್ರ.

ಚಿನ್ನದ ಹಲ್ಲು ತೂಗುವ ತಕ್ಕಡಿಯಲ್ಲಿಟ್ಟೆ.
ಎಪ್ಪತ್ತೊಂದು ಗ್ರಾಂ.
ಮೂತಿ ಕೆಳಗೆ ಮಾಡಿ ನಿಲ್ಲಿಸಿ ಫ್ಯಾನು ಬಿಟ್ಟರೆ
ನೂಕುಬಲ ಇಪ್ಪತ್ತೊಂಬತ್ತೇ.
ಸಂಬಳ ಚಿಕ್ಕದು, ಸಂಸಾರ ದೊಡ್ಡದು.

ಸರಿ, ಸರ್ವೋಗಳ ಪ್ಲಾಸ್ಟಿಕ್ ಕಿವಿ ಕತ್ತರಿಸಿದೆ.
ತಂತಿಗಳನ್ನು ಗಿಡ್ಡ ಮಾಡಿ ಮತ್ತೆ ಬೆಸೆದೆ.
ರಿಸೀವರಿನ ಅಂಗಿ ಬಿಚ್ಚಿದೆ.
ಗುಲಗಂಜಿ ಗುಲಗಂಜಿಯಾಗಿ ಇಳಿಯಿತು, ಅರವತ್ತಮೂರಕ್ಕೆ.
ಬಣ್ಣ ಬಳಿಯಲಿಲ್ಲ. ಬೇಕಾದವರು ಊಹಿಸಿಕೊಳ್ಳಲಿ.

ಒಲ್ದ್ರಿಖ್ ಬರುವುದು ಮಂಗಳವಾರ.
ಇಪ್ಪತ್ತಾರು ವರ್ಷ
ಅಸಲಿ ಜೆಟ್ಟುಗಳ ಹೊಟ್ಟೆಯಡಿ ಮಲಗಿದವನು;
ಅವನ ಉಗುರಿನ ಸಂದಿಯಲ್ಲಿ ಇನ್ನೂ ಆ ಎಣ್ಣೆ ಇದೆಯೆಂದು
ಅವನ ಹೆಂಡತಿ ಹೇಳುತ್ತಾಳೆ.
ಹಿಂದಿನ ಚಳಿಗಾಲದ ಆಪರೇಷನ್ನಿನ ಮೇಲೆ
ಕೊರಳಿಗೆ ಬೆರಳೊತ್ತಿ ಮಾತಾಡುತ್ತಾನೆ,
ಒಂದುಸಿರಿಗೆ ಒಂದು ವಾಕ್ಯ, ಲೆಕ್ಕವಿಟ್ಟು.

ಇದಕ್ಕೆ ಗಾಳಿ ಸಾಲದು, ಎಂದೆ.
ಕೆನ್ನೆಯ ಎರಡು ಕಂಡಿ ದೊಡ್ಡದಕ್ಕೆ ಸರಿ.
ಹೊಟ್ಟೆಯಡಿ ಒಂದು ತೂತು ಕೊರೆಯುತ್ತೇನೆ.

ಬೆರಳೊತ್ತಿದ.
"ಅಸಲಿಗೆ ಅಲ್ಲಿ ತೂತಿರಲಿಲ್ಲ."
ಬೆರಳು ತೆಗೆದ.
ಗಾಳಿ ಗೊರಗೊರ ಒಳಗೆ ಹೋಯಿತು, ಹೊರಗೆ ಬಂತು.
ಪೆನ್ಸಿಲಿನಲ್ಲಿ ಮೊಟ್ಟೆಯಾಕಾರ ಬರೆಯುತ್ತಿದ್ದ ನಾನು
ತಲೆಯೆತ್ತಲಿಲ್ಲ.

ಬೀದಿಯಲ್ಲಿ ಕೊನೆಯ ಬಸ್ಸು ಹೋಯಿತು.
ಆಮೇಲೂ ಎಷ್ಟೋ ಹೊತ್ತು.
ಕಡೆಗೆ ಪೆನ್ಸಿಲು ಕಸಿದುಕೊಂಡ,
ನನ್ನ ಗೆರೆ ಅಳಿಸಿದ,
ಬೆರಳಗಲ ಹಿಂದಕ್ಕೆ, ಫ್ಯಾನಿನ ಬಳಿಗೆ,
ತಾನೇ ಹೊಸ ಗೆರೆ ಎಳೆದ.
ಅಂಚು ಚೂಪಾಗಿರಬಾರದು, ತುಟಿಯ ಹಾಗೆ ಉಜ್ಜಬೇಕು:
ಅದನ್ನು ಹೆಬ್ಬೆರಳಿನಿಂದ ಹೇಳಿದ.

ತಕ್ಕಡಿ ನಲವತ್ತೊಂದು ತೋರಿಸಿತು.

ಭಾನುವಾರ, ಹುಲ್ಲು ಕೊಯ್ದ ಬಯಲು, ಆಚೆಗೆ ಡೆಸ್ನಾ ನದಿ.
ಮಂಜು ಮೊಣಕಾಲಿನವರೆಗೆ.
ಎಸೆದೆ.
ಬಿತ್ತು, ಇನ್ನೇನು ಬಿತ್ತು, ಎನ್ನುವಷ್ಟು ಇಳಿದು
ಮಂಜಿನೊಳಗೊಂದು ಗೀರು ಮಾತ್ರ ಉಳಿಸಿ ಮಾಯವಾಯಿತು.
ಕಡ್ಡಿಯನ್ನು ಹಿಂದಕ್ಕೆಳೆಯಲು ಬೆರಳು ಹೆದರಿತು;
ಎಳೆದರೆ ತಡವರಿಸಿ ಉರುಳುವ ಜಾತಿ.
ಕಾದೆ. ವೇಗ ಬರಲಿ, ಬರಲಿ.
ಆಚೆಯಿಂದ ಎದ್ದಿತು, ಬಿಳಿ, ಒದ್ದೆ,
ಕೊಟ್ಟಿಗೆಯ ಸೂರು ದಾಟಿ ವಾಲಿ ತಿರುಗಿದಾಗ
ಹೊಟ್ಟೆಯ ತೂತು ಕಂಡಿತು, ಕಪ್ಪಗೆ, ತೆರೆದು.

ಒಲ್ದ್ರಿಖ್ ಏನೋ ಕೂಗಿದ.
ಬೆರಳೊತ್ತಲು ಮರೆತಿದ್ದ;
ಬರೀ ಗಾಳಿ ಬಂತು.

ನಾಲ್ಕು ನಿಮಿಷ. ಬ್ಯಾಟರಿ ದಣಿಯಿತು.
ಕೊಯ್ಯದೆ ಬಿಟ್ಟ ಅಂಚಿನ ಹುಲ್ಲಿಗೆ ಇಳಿಸಿದೆ.
ಹುಡುಕಿ ತಂದವನು ಅವನೇ,
ಪ್ಯಾಂಟು ತೊಡೆಯವರೆಗೆ ಒದ್ದೆ.

ರಾತ್ರಿ ಮತ್ತೆ ತೂಗಿದೆ.
ಅರವತ್ತಮೂರು ಗ್ರಾಂ, ಮೇಲೆ ಮೂರು ಗುಲಗಂಜಿ.
ತೂತಿನೊಳಗೆ ದೀಪ ಹಿಡಿದರೆ
ಫ್ಯಾನಿಗೆ ಕೂದಲೆಳೆ ಈಚೆ ಒಂದು ಹುಲ್ಲುಕಡ್ಡಿ,
ತೆನೆಯ ಸಮೇತ.
ಚಿಮಟ ಕೈಯಲ್ಲೇ ಇತ್ತು.
ನಾಳೆ ತೆಗೆದರಾಯಿತು.
ಎಂಟಕ್ಕೆ ಅಂಚೆಯವನ ಕೆಳದವಡೆ ಬರುವುದಿದೆ,
ಮೇಜು ಒರೆಸಬೇಕು.