ಸೋಮವಾರ ಬಂದ್

ಸೋಮವಾರ ನಮ್ಮ ಪಾರ್ಕು ಬಂದ್.
ಗೇಟಿನ ಬೋರ್ಡು ಮೂರು ಭಾಷಾದಾಗ ಹೇಳತೈತಿ,
ನನ್ನ ಭಾಷಾದಾಗ ಹೇಳೂದಿಲ್ಲ.
ಬೀಗಕ್ಕ ಯಾವ ಭಾಷಾ?
ಕೀಲಿ ನನ್ನ ಸೆರಗಿನ ತುದಿಗೇ ಐತಿ.

ಐತವಾರ ಪಣಜಿಯಿಂದ ಬರತಾರ, ಕಾರು ತುಂಬ.
"ಎಷ್ಟು ಶಾಂತ ಐತಲ್ಲಾ!" ಅಂತ ಒದರತಾರ,
ಹೊಳ್ಯಾಗ ದೋಣಿ ನೂಕತಾರ,
ಸುಟ್ಟ ಕೋಳಿ ತಿಂತಾರ.
ಸೋಮವಾರ ನಮ್ಮ ಪಾಲಿಗೆ
ಚಿಪ್ಸಿನ ಚೀಲ, ಒಂದ ಕಾಲಿನ ಸಾಕ್ಸು,
ಕೇಕಿನ ರಟ್ಟು,
ದೋಣಿ ಹುಡುಗರು ಮರತ ಕೆಂಪು ಹೆಲ್ಮೆಟ್ಟು.

ಶೆವಂತಿ ಗಾಂವಕರ್ ಇದ ವಾಳಪೈದಾಕಿ.
ಅಕೀಗೆ ನನ್ನ ಮಾತು ಅರ್ಧ, ನನಗ ಅಕೀದು ಮುಕ್ಕಾಲು.
ಉಳಿದದ್ದನ್ನ ಕಸಬರಗಿ ಆಡತೈತಿ.

ಮೊದಲು ಕುಂತಾಕಿ ಅಕೀನ,
ಏರಿಳಿ ಹಲಗಿಯ ಕೆಳಗಿನ ತುದಿಮ್ಯಾಲ,
ಬರೀ ಚಪ್ಪಲ್ಯಾಗ ಹೊಕ್ಕ ಹಳ್ಳು ತಗ್ಯಾಕ.
ಕುಂತಾಕಿ ಏಳಲಿಲ್ಲ.
ಆ ಕಡೆ ತುದಿ ಮುಗಲಿಗೆ ನಿಂತು
ನನ್ನ ಕರದಂಗ ಆತು.

"ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ"
ಅಂತ ಬರದಾರಂತ ಅಲ್ಲಿ, ಶೆವಂತಿ ಓದಿ ನಕ್ಕಳು.
ನನಗ ಹನ್ನೆರಡು ಯಾವಾಗ ತುಂಬಿತ್ತೋ
ಯಾರು ಬರದಿಟ್ಟಾರ?
ರಸ್ತಾಕ ಖಡಿ ಹೊರೂ ವರ್ಷ ತುಂಬಿರಬೇಕು.
ತುಂಬದನೂ ಇರಬೇಕು.
ಹಂಗಾದ್ರ ನಾ ಇನ್ನೂ ಲೆಕ್ಕದಾಗ ಅದೀನಿ.

ಹಲಗಿ ಜಗ್ಗಿ ಕುಂತೆ.
ಒಣಾ ಕಡ್ಡಿ ಹಂಗ ಹಾರಿದಳು ಅಕೀ,
ಕಾಲು ಗಾಳ್ಯಾಗ, ಸೀರಿ ಮಣಕಾಲಿಗೆ,
"ಫಕೀರವ್ವಾ, ಸೊಡ್ ಗೋ ಮಾಕಾ!"
ನಾ ಇಳಿದೆ. ಅಕೀ ಧಪ್ಪ.

ಎಲಿ ಚೀಲ ಅಕೀ ತೊಡಿಮ್ಯಾಲ ಇಟ್ಟೆ.
ಸಾಲಲಿಲ್ಲ.
ಬಾಟಲಿ ಚೀಲ ಇಟ್ಟೆ, ಅದೂ ಸಾಲಲಿಲ್ಲ.
ಹೆಲ್ಮೆಟ್ಟು ತಲಿಗೆ ಹಾಕಿದೆ,
ತೂಕಕ್ಕಲ್ಲ, ಚಂದಕ್ಕ.
ಕಡೀಕ ಹೊಳಿಗಿಳಿದು
ಒಂದು ದುಂಡನ್ನ ಕಲ್ಲು ಅಪ್ಪಿಕೊಂಡು ಬಂದೆ.
ಮಹದಾಯಿ ಘಟ್ಟದ ಮ್ಯಾಲಿಂದ ಬರತಾಳ.
ಈ ಕಲ್ಲೂ ಅಲ್ಲಿಂದನ ಉರುಳಿರಬೇಕು,
ಎಷ್ಟು ವರ್ಷ ಹಿಡದಾವೋ ಏನೋ
ಮೈಯಾಗ ಒಂದೂ ಮೂಲಿ ಇಲ್ಲ.
ನೀ ಯಾವೂರದು ಅಂತ
ಅದನ್ನ ಯಾರೂ ಕೇಳಿಲ್ಲ.

ಆಗ ನಿಂತಿತು ಹಲಗಿ.
ಇಬ್ಬರದೂ ಕಾಲು ನೆಲಕ್ಕಿಲ್ಲ.

ಇಪ್ಪತ್ತೆರಡು ವರ್ಷ ಉಡಗಿದ ಜಾಗಾ
ಮೊದಲ ಸಲ ಮ್ಯಾಲಿಂದ ನೋಡಿದೆ.
ಮಳಿ ಅಂದ್ರ ಎಷ್ಟರ ಮ್ಯಾಲ, ಒಂದು ಮೊಳ!
ಒಂದು ಮೊಳದಿಂದನ ಕಂಡವು
ಕಸಬರಗಿಯ ಗೆರಿ,
ಎಣ್ಣಿ ಹಚ್ಚಿ ಬಾಚಿದ ತಲಿ ಹಂಗ
ಗೇಟಿನ ತನಕ ಒಂದ ಸವನ.
ಇಷ್ಟು ಚಂದ ಮಾಡತೀವಂತ
ಯಾರೂ ಹೇಳಿರಲಿಲ್ಲ. ಹೇಳಬೇಕಂದ್ರ
ಅವರು ಬರೂದೇ ಆ ಗೆರಿ ತುಳಕೋತ.

ಹಲಸಿನ ಎಲಿ ಒಂದು ಬಿತ್ತು,
ಈಗರ ಉಡಗಿದ ಜಾಗಾದಾಗ.
ಅಕೀ ನೋಡಿದಳು. ನಾ ನೋಡಿದೆ.
ಯಾರೂ ಇಳಿಲಿಲ್ಲ.

ಕಲ್ಲು ಇನ್ನೂ ಅಲ್ಲೇ ಐತಿ, ಹಲಗಿ ಬಾಜೂಕ.
ಐತವಾರದವರು ಅದರ ಮ್ಯಾಲ
ಚಪ್ಪಲಿ ಬಿಡತಾರ.