ಸೊನ್ನೆಯ ತುದಿ

ಟೇಪಿನ ಸೊನ್ನೆಯ ತುದಿ ನನ್ನ ಕೈಯಲ್ಲಿ.
ಗುಡಿಯ ಜಗತಿಯ ಕೊನೆಯ ಕಲ್ಲಿಗೆ,
ಮೂಗು ಸವೆದ ಕುಳ್ಳ ಗಣದ ಹೊಟ್ಟೆಗೆ
ಒತ್ತಿ ಹಿಡಿದು ಕೂತಿದ್ದೇನೆ.
ಆಚೆ ತುದಿ ಎಳೆಯುತ್ತ ಸಾಹೇಬರು
ಕುಸುಬಿಯ ಮುಳ್ಳಿನಲ್ಲಿ ನಡೆದಿದ್ದಾರೆ
ಪ್ಯಾಂಟು ಎತ್ತಿ ಎತ್ತಿ, ಕೊಕ್ಕರೆಯ ಹಾಗೆ.

ನೂರು ಮೀಟರಿನೊಳಗೆ ಏನೂ ಕಟ್ಟುವಂತಿಲ್ಲ,
ಅಗೆಯುವಂತಿಲ್ಲ. ಅದರಾಚೆ, ಕೇಳಿ ಕಟ್ಟಬೇಕು.
ಕೇಳಿದವರ ಅರ್ಜಿಗಳು ದೊಡ್ಡ ಆಫೀಸಿನಲ್ಲಿ
ಹಗೆಯೊಳಗಿನ ಜೋಳದ ಹಾಗೆ ತಣ್ಣಗಿವೆ.

ಮಲಪ್ರಭೆಯ ಈ ದಂಡೆಯಲ್ಲಿ ಯಾವುದು ಹಳೆಯದಲ್ಲ?
ಬಾಳವ್ವ ಗಾಣಿಗೇರಳ ದನದ ಪಡಸಾಲೆಗೆ
ಹಿಂಗೋಡೆಯಾಗಿ ನಿಂತದ್ದು ಯಾವುದೋ ಮಂಟಪ.
ಎಮ್ಮೆ ಮೈ ತಿಕ್ಕಿ ತಿಕ್ಕಿ
ಕಂಬದ ಹೆಣ್ಣಿನ ನಡು ಎಣ್ಣೆ ಸವರಿದಂತಾಗಿದೆ.
ಮಣ್ಣಿನ ಮಾಳಿಗೆ, ಕಲ್ಲಿನ ಗ್ವಾದಲಿ, ಕಣ, ಹಗೆ,
ಎಲ್ಲಕ್ಕೂ ಹೋದ ವರ್ಷ
ಬಿಳಿ ಬಣ್ಣದಲ್ಲಿ ನಂಬರು ಬರೆದು ಹೋದರು.
‘ಎಮ್ಮಿಗೂ ಒಂದ್ ನಂಬರ್ ಹಾಕ್ರೀ,
ಅದೂ ಹಳೀದೈತಿ’ ಅಂದಿದ್ದಳು ಬಾಳವ್ವ.

ಉಳಿದದ್ದು ಗಾಳಿಯಂತ್ರ.
ಬಾವಿಯ ಮೇಲೆ ನಾಲ್ಕು ಕಾಲೂರಿದ ಕಬ್ಬಿಣ.
ಹನ್ನೆರಡು ರೆಕ್ಕೆಗಳಲ್ಲಿ ಮೂರಿಲ್ಲ.
ಒಂದು, ರೊಟ್ಟಿ ಬಡಿಯುವ ಒಲೆಯ ಮುಂದೆ
ಗಾಳಿಗೆ ಮರೆಯಾಗಿ ಕೂತಿದೆ.
ಇನ್ನೆರಡು ಎಲ್ಲಿ ಹೋದವೋ.
ಬಾಲದ ತಗಡಿನ ಮೇಲೆ ಸರ್ಕಾರದ ಯೋಜನೆಯ ಹೆಸರು,
ಈಗ ಬರೀ ಒಂದು ‘ಯೋ’.

ಶಿಖರದ ಫೋಟೋ ತೆಗೆದರೆ ಇದೂ ಬರುತ್ತದೆ,
ತೆಗೆಸಬೇಕು, ಅನ್ನುತ್ತಾರೆ ಸಾಹೇಬರು.
‘ಇದಕ್ಕೆ ನಲವತ್ತೂ ತುಂಬಿಲ್ಲ.’
‘ನೂರ ತುಂಬ್ಲಿ ತಡೀರಿ,’ ಅನ್ನುತ್ತಾಳೆ ಬಾಳವ್ವ,
‘ಆವಾಗ ನೀವಽ ಬಂದು ಬೇಲಿ ಹಾಕ್ತೀರಿ.’

ತೊಂಬತ್ತೆಂಟು, ಅವರು ಅಲ್ಲಿಂದ ಕೂಗುತ್ತಾರೆ.
ನಾನು ಸೊನ್ನೆಯನ್ನು ಬಿಗಿಯಾಗಿ ಹಿಡಿಯುತ್ತೇನೆ.
ದಿನಗೂಲಿಯವನು; ಎರಡು ಮೀಟರು ಹಿಂದೆ ಸರಿಯುವುದು
ಗೊತ್ತಿಲ್ಲದವನೇನಲ್ಲ.

ಎರಡನೇ ಇಯತ್ತೆಯಲ್ಲಿದ್ದೆ, ಇದು ಎದ್ದ ದಿನ.
ಕಾಲು ನಿಲ್ಲಿಸಿದವನು ನನ್ನಪ್ಪ, ತಿಮ್ಮಣ್ಣ ವಡ್ಡರ.
ಹಗ್ಗದ ಒಂದು ತುದಿ ನನಗೆ ಕೊಟ್ಟು
ಬಿಟ್ಟೀ ಮಗನ, ಅಂದಿದ್ದ.
ಎರೆಮಣ್ಣು ಬಾಯಿ ಬಿಟ್ಟರೆ ಕಾಲು ಕುಸಿಯುತ್ತದೆಂದು
ಹೊಲದಲ್ಲೇ ಸಿಕ್ಕ ಚಪ್ಪಡಿಯೊಂದನ್ನು ಅಡಿಗೆ ಹಾಸಿದ್ದ.
ಅದರ ಒಳಮೈಯಲ್ಲಿ ಏನಿತ್ತೆಂಬುದು
ಅವನಿಗೆ ಗೊತ್ತು, ನನಗೆ ಗೊತ್ತು.

ಈಗ ಸಾಹೇಬರು ಕೂತಿದ್ದಾರೆ, ಮೊಳಕಾಲೂರಿ.
ಪೆನ್ನಿನಿಂದ ಮಣ್ಣು ಕೆದರುತ್ತಾರೆ,
ಕರ್ಚೀಪಿನಿಂದ ಒರೆಸುತ್ತಾರೆ.
ಕಬ್ಬಿಣದ ಪಾದದ ಪಕ್ಕ ತಾವರೆಯ ಒಂದು ಎಸಳು,
ಇನ್ನೊಂದು, ಅರ್ಧ.

ಬಹಳ ಹೊತ್ತು ಏನೂ ಅನ್ನಲಿಲ್ಲ.
ಗುಡಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು,
ಎಲ್ಲಿಂದ ಅಳೆಯಬೇಕೆಂದು
ನನ್ನನ್ನೇ ಕೇಳುವವರ ಹಾಗೆ.

ಅಷ್ಟರಲ್ಲಿ ಹನ್ನೊಂದರ ಮೂಡಗಾಳಿ ಎದ್ದು
ಒಂಬತ್ತು ರೆಕ್ಕೆ ಕುಂಟುತ್ತ ತಿರುಗಿದವು.
ಕಿರ್ರನೆ ಒದರಿ, ಕೆಮ್ಮಿ, ಪೈಪು
ತುಕ್ಕಿನ ನೀರು ಮೊದಲು, ಆಮೇಲೆ ತಿಳಿನೀರು ಕಕ್ಕಿತು.
‘ಮುಳ್ಳು ಗೀರ್ಯಾವ, ಕಾಲು ತೊಳಕೋರಿ,’
ಅಂದಳು ಬಾಳವ್ವ. ತೊಳೆದುಕೊಂಡರು.
ಟೇಪು ಬಿಟ್ಟುಬಿಟ್ಟಿದ್ದರು;
ಅದು ಕುಸುಬಿಯೊಳಗಿಂದ ಸರಸರ ಹರಿದು
ನನ್ನ ಕಡೆಗೇ ಬರತೊಡಗಿತು.