ಅತ್-ಬಾಶಿಯಲ್ಲಿ ಎಂಜಿನ್ ಬದಲಾದ ವಾರ

ಪೆಟ್ರೋಲು ಕುಡಿದೇ ಮನೆ ತೊಳೆದ ಮುದಿ ಉವಾಜ್ ಜೀಪು
ಬಾನೆಟ್ಟಿಲ್ಲದೆ ನಿಂತಿದೆ, ಬಾಯಿ ತೆರೆದು.

ಎಸೆಂಗುಲ್ ಮಾವ ಬೆರಳಲ್ಲೇ ಅಳೆದ:
ಎಣ್ಣೆಯ ತೊಟ್ಟಿ ಮುಂದಿನ ಆಕ್ಸಲ್ಲಿಗೆ
ಎರಡು ಬೆರಳು ತಾಗುತ್ತದೆ.
ಎರಡು ಬೆರಳೆಂದರೆ ಏನು ಮಹಾ,
ಮೂರು ದಿನ.

ಎಂಜಿನ್ನು ಜರ್ಮನಿಯದು, ಬಿಷ್ಕೆಕ್ಕಿನ ಗುಜರಿಯಲ್ಲಿ
ನುಜ್ಜಾದ ವ್ಯಾನಿನಿಂದ ಬಿಚ್ಚಿದ್ದು. ಗೇರ್‌ಬಾಕ್ಸು ರಷ್ಯದ್ದು.
ಒಬ್ಬರ ಬೋಲ್ಟು ಇನ್ನೊಬ್ಬರ ತೂತಿಗೆ ಕೂರದ ಬೀಗರು;
ನಡುವೆ ರಾಜಿಗೆ ಹೆಬ್ಬೆರಳು ದಪ್ಪದ ಉಕ್ಕಿನ ತಟ್ಟೆ.
ಅದನ್ನು ಕಡೆದವನಿಗೆ ಒಂದು ಕೊಬ್ಬಿದ ಕುರಿ.

ನಾನು ಟಾರ್ಚು ಹಿಡಿದವಳು.
"ಇತ್ತ ಕಣೇ, ನನ್ನ ಮುಖಕ್ಕಲ್ಲ."

ಆರನೇ ದಿನ, ಮೈನಸ್ ಹದಿನೆಂಟರಲ್ಲಿ,
ತುಪ್ಪದಂತೆ ಹೆಪ್ಪುಗಟ್ಟಿದ ಡೀಸೆಲ್ಲಿಗೆ ಬೆಂಕಿ ತೋರಿಸಿ
ಕೀಲಿ ತಿರುಗಿಸಿದ. ಕೆಮ್ಮಿತು. ಕರಿಹೊಗೆ. ಆಮೇಲೆ
ಗಡಗಡ ಗಡಗಡ, ಅಂಗಾಲಿಗೆ ತಿಳಿಯುವ ಸದ್ದು.
ಮಾವ ನಗಲಿಲ್ಲ. ಕೈ ಒರೆಸಿಕೊಂಡ.

ಈಗ ಕಣಿವೆಯೇರಿ ಬಂದರೆ
ಕುರುಡು ನಾಯಿ ಅಕ್ತೋಶ್ ಬೇಲಿಗೆ ಹಾರಿ ಬೊಗಳುತ್ತದೆ:
ಯಾರೋ ಪರಕೀಯ.
ಇಳಿದು, ಅದರ ಹೆಸರು ಹಿಡಿದು ಕೂಗಬೇಕು ಮಾವ
ತನ್ನದೇ ಅಂಗಳಕ್ಕೆ ಕಾಲಿಡಲು.

ಹಳೆಯ ಎಂಜಿನ್ನು ಕೊಟ್ಟಿಗೆಯ ಹಿಂದೆ ಬಿದ್ದಿದೆ.
ರಾತ್ರಿ ನಾಯಿ ಅಲ್ಲಿಗೇ ಹೋಗಿ ಮಲಗುತ್ತದೆ.